ಒಡ್ಡಿನ ಮೇಲೆ ನೆಟ್ಟ ಸನಿಕೆ

ಹಾಲೆಂಡ್ ಎಂದು ನಮ್ಮಲ್ಲಿ ರೂಢಿಯಾಗಿರುವ ನೆದರ್ಲೆಂಡ್ಸ್ ದೇಶದ ಕಾಲು ಭಾಗಕ್ಕೂ ತುಸು ಹೆಚ್ಚು ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಕಡಲನ್ನು ಹೊರಗಿಡುವ ಒಡ್ಡುಗಳಿಲ್ಲದಿದ್ದರೆ ಆ ದೇಶವೇ ಇರುತ್ತಿರಲಿಲ್ಲ. ಇವುಗಳ ರಕ್ಷಣೆಗಾಗಿ ಅಲ್ಲಿಯ ಜನರು 13ನೆಯ ಶತಮಾನದ ವೇಳೆಗಾಗಲೇ ಜಲಮಂಡಲಿಗಳನ್ನು ಸ್ಥಾಪಿಸಿಕೊಂಡಿದ್ದರು. ಅಂಥ 21 ಮಂಡಲಿಗಳು ಇಂದಿಗೂ ತೆರಿಗೆ ಎತ್ತಿ ಕಾರ್ಯ ನಡೆಸುತ್ತಿವೆ.

ಆ ಕಾಲದ ಒಂದು ಸಂಪ್ರದಾಯವು ವಿಚಾರಾರ್ಹವಾಗಿದೆ. ಪ್ರತಿಯೊಬ್ಬ ಭೂಮಾಲೀಕನಿಗೂ ಒಡ್ಡಿನ ಇಂತಿಷ್ಟು ಉದ್ದವು ಪಾಲಿಗೆ ಬಂದಿರುತ್ತಿತ್ತು. ಅದನ್ನು ಕಾಪಾಡಲಾರದವನು ತನ್ನ ಪಾಲಿನ ಒಡ್ಡಿನ ಮೇಲೆ ಸನಿಕೆಯೊಂದನ್ನು ನೆಟ್ಟು ಊರು ಬಿಡಬೇಕಾಗಿತ್ತು. ಅವನ ಹೊಲಮನೆಗಳ ಹಕ್ಕು ಅಲ್ಲಿಗೆ ಮುಗಿಯಿತು. ಆ ಸನಿಕೆಯನ್ನು ಕಿತ್ತವನಿಗೆ ಭೂಮಿಯೂ ಒಡ್ಡಿನ ಹೊಣೆಯೂ ಒಟ್ಟಿಗೇ ಸೇರುತ್ತಿದ್ದವು. ಬಡವನ ಮೇಲೆ ಈ ಕಟ್ಟಳೆ ಕ್ರೂರವಾಗಿಯೇ ಬಿದ್ದಿರಬೇಕು. ಆದರೂ ಆಸ್ತಿಯ ಪುಟಕ್ಕೆ ಎದುರಾಗಿ ಹೊಣೆಯ ಪುಟವೂ ಇದೆಯೆಂಬುದನ್ನು ಇಷ್ಟು ನೇರವಾಗಿ ನುಡಿದ ಕಾನೂನು ವಿರಳ.

ಇಂಥ ನಾಡೇ ಒಮ್ಮೆ ಮೈಮರೆಯಿತು. ಒಡ್ಡುಗಳು ತಗ್ಗಾಗಿವೆ, ದುರ್ಬಲವಾಗಿವೆ ಎಂದು ಸರಕಾರಿ ಜಲವಿಭಾಗದ ಎಂಜಿನಿಯರ್ ಜೋಹಾನ್ ವಾನ್ ವೀನ್ 1930ರ ದಶಕದ ಕೊನೆಯಿಂದಲೇ ಎಚ್ಚರಿಸುತ್ತಿದ್ದರು. ಅನಂತರ ಮಹಾಯುದ್ಧ ಬಂತು. ಯುದ್ಧ ಮುಗಿದ ಮೇಲೆ ಹಾಳಾದ ದೇಶವನ್ನು ಮರಳಿ ಕಟ್ಟುವುದೇ ಮೊದಲೆಂದು ಹಣವೆಲ್ಲ ಅತ್ತ ಹರಿಯಿತು. 1953ರ ಜನವರಿ 31ರ ಶನಿವಾರ ರಾತ್ರಿ ವಾಯವ್ಯ ದಿಕ್ಕಿನ ಬಿರುಗಾಳಿಯೂ ಹುಣ್ಣಿಮೆಯ ಉಬ್ಬರವೂ ಕೂಡಿಕೊಂಡವು. ಹವಾಮಾನ ಇಲಾಖೆಯೇನೋ ಎಚ್ಚರಿಕೆ ಕೊಟ್ಟಿತ್ತು. ಆದರೆ ನಡುರಾತ್ರಿಗೆ ಬಾನುಲಿ ಕೇಂದ್ರ ಎಂದಿನಂತೆ ಮುಚ್ಚಿತು. ಬೆಳಗಾಗುವಷ್ಟರಲ್ಲಿ ನೈರುತ್ಯ ಭಾಗದ ದ್ವೀಪಗಳು ಮುಳುಗಿದ್ದವು. 1,836 ಜನರು ಅಸುನೀಗಿದರು. ಕೊಟ್ಟಿಗೆಗಳಲ್ಲಿ ಕಟ್ಟಿದ್ದಂತೆಯೇ ಸತ್ತ ಮೂಕಪ್ರಾಣಿಗಳು ಹತ್ತಾರು ಸಾವಿರ.

ತಿಂಗಳೊಳಗೆ ಡೆಲ್ಟಾ ಆಯೋಗ ನೇಮಕವಾಯಿತು. ಒಡ್ಡು ಎಷ್ಟು ಎತ್ತರವಿದ್ದರೆ ಸಾಕು ಎಂಬ ಪ್ರಶ್ನೆಯನ್ನು ಗಣಿತಜ್ಞ ವಾನ್ ಡಾನ್ಸಿಗ್ ಅವರು ವ್ಯಾಪಾರಿಯ ರೀತಿಯಲ್ಲೇ ಬಿಡಿಸಿದರು: ಎತ್ತರಿಸುವ ವೆಚ್ಚ ಒಂದು ತಟ್ಟೆಯಲ್ಲಿ, ಒಡೆದರೆ ಆಗುವ ನಷ್ಟ ಇನ್ನೊಂದರಲ್ಲಿ. ಪ್ರಾಣಹಾನಿಯನ್ನು ಯಾವ ತಟ್ಟೆಯಲ್ಲಿಟ್ಟು ತೂಗಬೇಕೆಂಬುದು ಬೇರೆಯೇ ಮಾತು. ದೇಶದ ನಡುಭಾಗಕ್ಕೆ 10,000 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹವನ್ನೂ ತಡೆಯುವ ಅಳತೆ ಗೊತ್ತಾಯಿತು. ಓಸ್ಟರ್‌ಸ್ಕೆಲ್ಡೆ ಅಳಿವೆಯನ್ನು ಪೂರ್ತಿ ಮುಚ್ಚುವ ಯೋಚನೆಯಿತ್ತು. ಮೀನುಗಾರರೂ ನಿಸರ್ಗಪ್ರಿಯರೂ ಪ್ರತಿಭಟಿಸಿದ್ದರಿಂದ, ಬಿರುಗಾಳಿಯಲ್ಲಿ ಮಾತ್ರ ಇಳಿಯುವ 62 ಬಾಗಿಲುಗಳ ತಡೆಗಟ್ಟು 1986ರಲ್ಲಿ ಸಿದ್ಧವಾಯಿತು. 1995ರಲ್ಲಿ ನದಿಗಳು ಉಕ್ಕಿ ಎರಡೂವರೆ ಲಕ್ಷ ಜನರನ್ನು ಸ್ಥಳಾಂತರಿಸಬೇಕಾದ ಮೇಲೆ ಡಚ್ಚರು ಇನ್ನೊಂದು ಪಾಠ ಕಲಿತರು. ಒಡ್ಡನ್ನು ಹಿಂದಕ್ಕೆ ಸರಿಸಿ ನದಿಗೆ ಜಾಗ ಬಿಟ್ಟುಕೊಟ್ಟರು.

ಇಷ್ಟರಲ್ಲಿ ಕಡಲೇ ಬದಲಾಗುತ್ತ ಬಂದಿತು. ನೀರು ಬಿಸಿಯಾಗಿ ಹಿಗ್ಗುವುದರಿಂದಲೂ ಹಿಮರಾಶಿಗಳು ಕರಗುವುದರಿಂದಲೂ 1901ರಿಂದ 2018ರವರೆಗೆ ಜಗತ್ತಿನ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ಹೊಗೆ ಉಗುಳುವವರ ಹೊಣೆ ಈಗ ಒಡ್ಡಿನ ಲೆಕ್ಕದೊಳಗೆ ಬಂದಿತು. ಅನಿಲ ವಿಸರ್ಜನೆಯನ್ನು 2020ರೊಳಗೆ 1990ರ ಪ್ರಮಾಣಕ್ಕಿಂತ ಶೇಕಡಾ 25ರಷ್ಟಾದರೂ ತಗ್ಗಿಸಬೇಕೆಂದು ಡಚ್ ಸರ್ವೋಚ್ಚ ನ್ಯಾಯಾಲಯವು 2019ರ ಡಿಸೆಂಬರಿನಲ್ಲಿ ತನ್ನ ಸರಕಾರಕ್ಕೇ ಆಜ್ಞಾಪಿಸಿತು.

ಒಡ್ಡು ಕಟ್ಟಿ ನೆಲ ಉಳಿಸುವ ಡಚ್ಚರ ಪದ್ಧತಿ ‘ಪೋಲ್ಡರ್’ ಎಂಬ ಅವರ ಹೆಸರಿನೊಡನೆಯೇ ಬಾಂಗ್ಲಾದೇಶದ ಕರಾವಳಿಗೂ ಹೋಗಿದೆ. 1960ರ ದಶಕದಿಂದ ಅಲ್ಲಿ 139 ಪೋಲ್ಡರುಗಳು ಎದ್ದವು. ಒಳಗೆ ಬತ್ತ ಚೆನ್ನಾಗಿ ಬೆಳೆಯಿತು, ನಿಜ. ಆದರೆ ಉಬ್ಬರದೊಡನೆ ಬರುತ್ತಿದ್ದ ಮೆಕ್ಕಲು ಒಡ್ಡಿನಾಚೆಗೇ ನಿಂತುದರಿಂದ ನದಿಪಾತ್ರ ಏರಿತು, ಒಳಗಿನ ನೆಲ ಕುಸಿಯಿತು. 2009ರ ಮೇ 25ರಂದು ಐಲಾ ಚಂಡಮಾರುತಕ್ಕೆ ಒಡ್ಡುಗಳು ಒಡೆದಾಗ ಕೆಲವು ಪೋಲ್ಡರುಗಳೊಳಗೆ ಸುಮಾರು ಎರಡು ವರ್ಷ ಉಪ್ಪುನೀರು ದಿನಕ್ಕೆರಡು ಬಾರಿ ಏರಿ ಇಳಿಯಿತು. ಜನರು ಅಳಿದುಳಿದ ಒಡ್ಡಿನ ಮೇಲೆಯೇ ಗುಡಿಸಲು ಹಾಕಿಕೊಂಡರು. ಅನೇಕರು ಕೂಲಿ ಅರಸಿ ಪಟ್ಟಣ ಸೇರಿದರು. ಹಳೆಯ ಡಚ್ ಕಟ್ಟಳೆಯಲ್ಲಿ ಊರು ಬಿಡುತ್ತಿದ್ದವನು ತನ್ನ ಪಾಲಿನ ಒಡ್ಡನ್ನು ಕಾಯಲಾರದವನು. ಇವರಾದರೋ ಬುಟ್ಟಿಯಲ್ಲಿ ಕೆಸರು ಹೊತ್ತು ಒಡ್ಡನ್ನು ಮತ್ತೆ ಮತ್ತೆ ಕಟ್ಟಿದವರು. ಕಡಲನ್ನು ಏರಿಸಿದ ಹೊಗೆಯಲ್ಲಿ ಇವರ ಪಾಲು ತೀರ ಅಲ್ಪ.