ಬೇಸ್ ಗಿಟಾರ್: ದನಿಯನ್ನು ನಿರ್ಧರಿಸುವುದು ತಂತಿ

ಪಾಶ್ಚಾತ್ಯ ಜನಪ್ರಿಯ ಸಂಗೀತದ ತಂಡಗಳಲ್ಲಿ ಕೇಳುಗರ ಗಮನಕ್ಕೆ ಅತ್ಯಂತ ಕಡಿಮೆ ಬರುವ, ಆದರೆ ಇಲ್ಲದಿದ್ದರೆ ಕೂಡಲೇ ಕೊರತೆ ತಿಳಿಯುವ ವಾದ್ಯವೆಂದರೆ ಬೇಸ್ ಗಿಟಾರ್. ತಾಳವಾದ್ಯಕ್ಕೂ ರಾಗಕ್ಕೂ ನಡುವೆ ನಿಂತು ಎರಡನ್ನೂ ಬೆಸೆಯುವುದು ಅದರ ಕೆಲಸ. ಇಳಯರಾಜ ಸಂಗೀತ ನೀಡಿದ ‘ಗೀತಾ’ (1981) ಹಾಗೂ ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಹಾಡುಗಳನ್ನು ಹೆಡ್‌ಫೋನಿನಲ್ಲಿ ಕೇಳಿದವರಿಗೆ, ಗಾಯಕರ ದನಿಯ ಕೆಳಗೆ ಇನ್ನೊಂದು ಹಾಡಿನಂತೆ ಸಾಗುವ ಆ ಮಂದ್ರ ನಾದದ ಪರಿಚಯ ಇದ್ದೇ ಇರುತ್ತದೆ.

ಈ ವಾದ್ಯವನ್ನು ಕೊಂಡವರು ಕೆಲವೇ ತಿಂಗಳುಗಳಲ್ಲಿ ಅದರ ನಾದದ ಬಗ್ಗೆ ಅಸಮಾಧಾನ ವ್ಯಕ್ತಪಡಿಸುವುದು ಸಾಮಾನ್ಯ. ಆಗ ಮೊದಲು ದೂರು ಹೋಗುವುದು ಆಂಪ್ಲಿಫೈಯರಿನ ಮೇಲೆ, ಬಳಿಕ ಪಿಕಪ್ ಮೇಲೆ. ಕೊನೆಗೆ ವಾದ್ಯವನ್ನೇ ಮಾರಿ ಹೆಚ್ಚಿನ ಬೆಲೆಯದನ್ನು ಕೊಳ್ಳುವ ಆಲೋಚನೆ. ಕಾರ್ಖಾನೆಯಿಂದ ಬಂದ ನಾಲ್ಕು ತಂತಿಗಳು ಇನ್ನೂ ಹಾಗೆಯೇ ಇವೆ ಎಂಬುದು ಮಾತ್ರ ನೆನಪಿಗೆ ಬರುವುದಿಲ್ಲ. ಬೇಸ್ ಗಿಟಾರಿನ ಚರಿತ್ರೆಯನ್ನು ಗಮನಿಸಿದರೆ, ಅದರ ದನಿ ಬದಲಾದ ಪ್ರಮುಖ ಘಟ್ಟಗಳಲ್ಲೆಲ್ಲ ಬದಲಾದದ್ದು ತಂತಿಯೇ ಎಂಬುದು ಸ್ಪಷ್ಟವಾಗುತ್ತದೆ.

ಉದ್ದ, ಬಿಗಿ, ಭಾರ

ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟುಟ್‌ಮಾರ್ಕ್ 1930ರ ದಶಕದಲ್ಲೇ ವಿದ್ಯುತ್ ಬೇಸ್ ವಾದ್ಯವೊಂದನ್ನು ತಯಾರಿಸಿದ್ದರೂ ಅದು ಜನರನ್ನು ತಲುಪಲಿಲ್ಲ. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ಹೊರತಂದ ‘ಪ್ರಿಸಿಷನ್ ಬೇಸ್’ ವಾದ್ಯಕ್ಕೆ ಆ ಭಾಗ್ಯ ದೊರೆಯಿತು. ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುವ ಕಷ್ಟ ತಪ್ಪಿತು. ನೆಕ್ ಮೇಲೆ ಫ್ರೆಟ್‌ಗಳಿದ್ದುದರಿಂದ ಸ್ವರಸ್ಥಾನ ಖಚಿತವಾಯಿತು. ಆ ಖಚಿತತೆಯೇ ಹೆಸರಿಗೂ ಕಾರಣ. ತಂತಿ ಕಂಪಿಸುವ ಉದ್ದವನ್ನು ಫೆಂಡರ್ 34 ಅಂಗುಲಕ್ಕೆ ನಿಗದಿಪಡಿಸಿದರು. ಇಂದಿಗೂ ಬಹುಪಾಲು ಬೇಸ್ ಗಿಟಾರ್‌ಗಳ ಅಳತೆ ಅದೇ.

ನಾಲ್ಕು ತಂತಿಗಳನ್ನು ಕೆಳಗಿನಿಂದ ಮೇಲಕ್ಕೆ ಇ, ಎ, ಡಿ, ಜಿ ಸ್ವರಗಳಿಗೆ ಶ್ರುತಿ ಮಾಡಲಾಗುತ್ತದೆ. ಇ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸಿದರೆ ಜಿ ತಂತಿ 98 ಬಾರಿ ಕಂಪಿಸುತ್ತದೆ. ಸ್ವರ ತಗ್ಗಬೇಕಾದರೆ ತಂತಿ ಉದ್ದವಾಗಿರಬೇಕು, ಇಲ್ಲವೇ ಸಡಿಲವಾಗಿರಬೇಕು, ಇಲ್ಲವೇ ಭಾರವಾಗಿರಬೇಕು. ಉದ್ದವನ್ನು ಬೆರಳುಗಳ ಮಿತಿ ಕಟ್ಟಿಹಾಕಿದೆ. ಸಡಿಲವಾದರೆ ತಂತಿ ಜೋತುಬಿದ್ದು ಫ್ರೆಟ್‌ಗಳಿಗೆ ಬಡಿಯುತ್ತದೆ. ಉಳಿದದ್ದು ಭಾರ. 0.105 ಅಂಗುಲ ದಪ್ಪದ ಸಾಮಾನ್ಯ ಇ ತಂತಿಯ ಒಂದು ಮೀಟರ್ ಸುಮಾರು 35 ಗ್ರಾಂ ತೂಗುತ್ತದೆ, 0.045 ಅಂಗುಲದ ಜಿ ತಂತಿ 7 ಗ್ರಾಂ ಕೂಡ ತೂಗುವುದಿಲ್ಲ.

ಹಾಗಾದರೆ ದಪ್ಪನೆಯ ಉಕ್ಕಿನ ಸರಳನ್ನೇ ಬಿಗಿಯಬಹುದಲ್ಲ ಎಂಬ ಪ್ರಶ್ನೆ ಏಳುತ್ತದೆ. ದಪ್ಪ ಸರಳು ಬಾಗದೆ ಸೆಟೆದು ನಿಲ್ಲುವುದರಿಂದ ಅದರ ಉಪಸ್ವರಗಳು ಮೂಲಸ್ವರದೊಂದಿಗೆ ಕೂಡದೆ ಅಪಸ್ವರವಾಗುತ್ತವೆ. ನಾದಕ್ಕೆ ಬದಲು ಲೋಹವನ್ನು ಬಡಿದ ಸದ್ದು ಕೇಳುತ್ತದೆ. ಆದ್ದರಿಂದ ತೆಳುವಾದ ಉಕ್ಕಿನ ತಿರುಳಿನ ಸುತ್ತ ಇನ್ನೊಂದು ತಂತಿಯನ್ನು ಒತ್ತೊತ್ತಾಗಿ ಸುತ್ತಿ, ಬಾಗುವ ಗುಣ ಕೆಡದಂತೆ ಭಾರ ಹೆಚ್ಚಿಸುತ್ತಾರೆ. ವೀಣೆಯ ಅನುಮಂದ್ರ ತಂತಿಯನ್ನು ಉಗುರಿನಿಂದ ಸವರಿ ನೋಡಿದವರಿಗೆ ಈ ಉಪಾಯ ಹೊಸದಲ್ಲ.

ಚಪ್ಪಟೆ ಸುತ್ತು, ದುಂಡು ಸುತ್ತು

ಹೊರಗಿನ ಸುತ್ತು ಯಾವ ಆಕಾರದ್ದು ಎಂಬುದರಲ್ಲಿ ಬೇಸ್ ಗಿಟಾರಿನ ಅರ್ಧ ಚರಿತ್ರೆ ಇದೆ ಎಂದರೆ ಅತಿಶಯೋಕ್ತಿಯಾಗದು. ಆರಂಭದ ದಶಕದಲ್ಲಿ ರೂಢಿಯಲ್ಲಿದ್ದದ್ದು ಚಪ್ಪಟೆ ಪಟ್ಟಿಯನ್ನು ಸುತ್ತಿದ ‘ಫ್ಲ್ಯಾಟ್‌ವೌಂಡ್’ ತಂತಿ. ಮೈ ನುಣುಪು, ಬೆರಳು ಜಾರಿದರೆ ಸದ್ದಿಲ್ಲ, ನಾದ ಗಾಢ, ತುಸು ಮಬ್ಬು, ಡಬಲ್ ಬೇಸಿಗೆ ಹತ್ತಿರ. ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಯ ಧ್ವನಿಮುದ್ರಣಗಳಲ್ಲಿ ನುಡಿಸುತ್ತಿದ್ದ ಜೇಮ್ಸ್ ಜೇಮರ್ಸನ್ ಈ ತಂತಿಯ ಸಾಧ್ಯತೆಯನ್ನು ಅದರ ತುತ್ತತುದಿಗೆ ಒಯ್ದವರು. 1962ರ ಪ್ರಿಸಿಷನ್ ಬೇಸ್, ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲ್ಯಾಟ್‌ವೌಂಡ್ ತಂತಿ, ಬ್ರಿಜ್ ಮುಚ್ಚಳದ ಕೆಳಗೆ ಅನುರಣನವನ್ನು ತಡೆಯಲು ಒಂದು ತುಂಡು ಸ್ಪಂಜು, ಮೀಟಲು ಬಲಗೈಯ ತೋರುಬೆರಳೊಂದೇ. ತುಂಡಾಗದ ಹೊರತು ತಂತಿ ಬದಲಿಸುವ ಅಭ್ಯಾಸ ಅವರಿಗಿರಲಿಲ್ಲ. ಹಳತಾಗಿ ಹೊಳಪು ಕಳೆದುಕೊಂಡ ತಂತಿಯೇ ಅವರಿಗೆ ಬೇಕಾದ ದನಿಯಾಗಿತ್ತು. 1971ರ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಧ್ವನಿಮುದ್ರಿಕೆ ಅವರ ವಾದನಕ್ಕೆ ಉತ್ತಮ ನಿದರ್ಶನ.

ಇಂಗ್ಲೆಂಡಿನಲ್ಲಿ ‘ದಿ ಹೂ’ ತಂಡದ ಜಾನ್ ಎಂಟ್‌ವಿಸಲ್ ಅವರಿಗೆ ಬೇಕಾಗಿದ್ದದ್ದು ಇದಕ್ಕೆ ತದ್ವಿರುದ್ಧ: ಪಿಯಾನೋದ ಕೆಳಸ್ಥಾಯಿಯಂತೆ ಖಣಿಲೆನ್ನುವ ನಾದ. ಡ್ಯಾನೆಲೆಕ್ಟ್ರೋ ಗಿಟಾರಿನ ತೆಳು ತಂತಿಗಳು ಆ ದನಿಗೆ ಹತ್ತಿರವಾಗಿದ್ದರೂ ಬೇಗ ತುಂಡಾಗುತ್ತಿದ್ದವು, ಬಿಡಿಯಾಗಿ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ತಂತಿಗಾಗಿ ಮತ್ತೆ ಮತ್ತೆ ಗಿಟಾರನ್ನೇ ಕೊಳ್ಳಬೇಕಾಯಿತೆಂದು ಅವರು ಹೇಳಿಕೊಂಡಿದ್ದರು. 1966ರಲ್ಲಿ ಅವರು ರೋಟೋಸೌಂಡ್ ತಂತಿ ಕಾರ್ಖಾನೆಯ ಜೇಮ್ಸ್ ಹೌ ಅವರೊಂದಿಗೆ ಕುಳಿತು, ನಾಲ್ಕೂ ತಂತಿಗಳು ಸಮನಾಗಿ ಮೊಳಗುವ ಗುಂಡನೆಯ ಸುತ್ತಿನ ‘ರೌಂಡ್‌ವೌಂಡ್’ ಜೋಡಣೆಯೊಂದನ್ನು ರೂಪಿಸುವಲ್ಲಿ ನೆರವಾದರು. ‘ಸ್ವಿಂಗ್ ಬೇಸ್ 66’ ಎಂಬ ಹೆಸರಿನಲ್ಲಿ ಆ ಇಸವಿ ಉಳಿದಿದೆ. ಇಂದು ಅಂಗಡಿಗಳಲ್ಲಿ ಸಿಗುವ ಹೊಸ ಬೇಸ್ ಗಿಟಾರ್‌ಗಳಲ್ಲಿ ಬಹುತೇಕ ಎಲ್ಲವೂ ರೌಂಡ್‌ವೌಂಡ್ ತಂತಿಯೊಂದಿಗೇ ಬರುತ್ತವೆ.

ದುಂಡು ಸುತ್ತಿಗೆ ತೆರಬೇಕಾದ ಬೆಲೆಯೂ ಇದೆ. ಅದರ ಉರುಟು ಮೈ ಅರದಂತೆ ಫ್ರೆಟ್‌ಗಳನ್ನು ಸವೆಸುತ್ತದೆ. ಫ್ರೆಟ್ ಇಲ್ಲದ ವಾದ್ಯದಲ್ಲಿ ನೇರವಾಗಿ ಮರವನ್ನೇ ಕೊರೆಯುತ್ತದೆ. ಫ್ಲಾರಿಡಾದ ಜಾಕೋ ಪಾಸ್ಟೋರಿಯಸ್ ತಮ್ಮ 1962ರ ಜಾಝ್ ಬೇಸನ್ನು ಫ್ರೆಟ್‌ರಹಿತವಾಗಿಸಿ, ಸೀಳುಗಳನ್ನು ತುಂಬಿ, ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ಮರದ ಮೇಲೆ ಲೇಪಿಸಿದ್ದು ಈ ಕಾರಣಕ್ಕೆ. ಮರವನ್ನು ಉಳಿಸಲೆಂದು ಹಚ್ಚಿದ ಗಟ್ಟಿ ಲೇಪನ ನಾದಕ್ಕೂ ಹೊಳಪು ಕೊಟ್ಟಿತು. 1976ರಲ್ಲಿ ಬಂದ ಅವರ ಮೊದಲ ಧ್ವನಿಮುದ್ರಿಕೆಯಲ್ಲಿ ಬೇಸ್ ಗಿಟಾರ್ ಮನುಷ್ಯಕಂಠದಂತೆ ಹಾಡುವುದನ್ನು ಕೇಳಿ ಅನೇಕ ವಾದಕರು ತಮ್ಮ ವಾದ್ಯಗಳ ಫ್ರೆಟ್ ಕಿತ್ತರು. ಎಲ್ಲರ ಪ್ರಯೋಗವೂ ಫಲಿಸಲಿಲ್ಲ ಎಂಬುದು ಬೇರೆ ಮಾತು.

ಇವೆರಡರ ನಡುವೆ, ದುಂಡು ಸುತ್ತನ್ನು ಉಜ್ಜಿ ನುಣುಪುಗೊಳಿಸಿದ ತಂತಿಗಳೂ, ಲೋಹದ ಮೇಲೆ ನೈಲಾನ್ ಪಟ್ಟಿ ಸುತ್ತಿದ ಕಪ್ಪು ತಂತಿಗಳೂ ಇವೆ. ಒಳಗೆ ಉಕ್ಕು ಇರುವುದರಿಂದ ಅವೂ ಆಯಸ್ಕಾಂತದ ಪಿಕಪ್ಪಿಗೆ ಸ್ಪಂದಿಸುತ್ತವೆ. ಇನ್ನು ಲೋಹದ ವಿಚಾರ. ಸ್ಟೇನ್‌ಲೆಸ್ ಸ್ಟೀಲ್ ಹೆಚ್ಚು ತೀಕ್ಷ್ಣ, ನಿಕಲ್ ಲೇಪಿತ ಉಕ್ಕು ಮಧ್ಯಮ, ಶುದ್ಧ ನಿಕಲ್ ಮೃದು. ಹೊಸಬರು ನಿಕಲ್ ಲೇಪಿತ ತಂತಿಯಿಂದ ಆರಂಭಿಸುವುದು ಒಳ್ಳೆಯದು.

ದಪ್ಪದ ಆಯ್ಕೆ

ತಂತಿಯ ದಪ್ಪವನ್ನು ಅಂಗುಲದ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಪೊಟ್ಟಣದ ಮೇಲೆ 45ರಿಂದ 105 ಎಂದಿದ್ದರೆ ಅದು ಮಧ್ಯಮ ಜೋಡಣೆ. 40ರಿಂದ 95 ಅಥವಾ 100 ಹಗುರ. ಮಧ್ಯಮ ಜೋಡಣೆಯ ನಾಲ್ಕು ತಂತಿಗಳು ಶ್ರುತಿಗೆ ಬಂದಾಗ ನೆಕ್ ಮೇಲೆ ಬೀಳುವ ಒಟ್ಟು ಎಳೆತ ಸುಮಾರು 80 ಕಿಲೋಗ್ರಾಂ. ಒಬ್ಬ ವಯಸ್ಕನ ತೂಕವನ್ನು ಆ ತೆಳು ಮರ ಹಗಲಿರುಳೂ ತಡೆದು ನಿಂತಿರುತ್ತದೆ ಎಂಬುದನ್ನು ವಾದಕರು ಮರೆಯಬಾರದು.

ಎಳೆತವು ಉದ್ದದ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. ಅದೇ ತಂತಿಯನ್ನು ಅದೇ ಸ್ವರಕ್ಕೆ 30 ಅಂಗುಲದ ಕಿರು ಬೇಸಿನಲ್ಲಿ ಬಿಗಿದರೆ ಎಳೆತ ಸುಮಾರು 22 ಶೇಕಡ ತಗ್ಗುತ್ತದೆ. ಪುಟ್ಟ ಕೈಯವರಿಗೆ ಕಿರು ಬೇಸ್ ಹಿತವೆನಿಸುವುದು ಇದರಿಂದ. ಅದರಲ್ಲಿ ಹಗುರ ತಂತಿ ಹಾಕಿದರೆ ಇ ಸ್ವರ ಮೆದುವಾಗಿ ಜೋಲುವುದೂ ಇದರಿಂದಲೇ. ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಪಿಟೀಲು ಆಕಾರದ ಹಾಫ್ನರ್ ಇಂತಹ ಕಿರು ಬೇಸ್. ಅಂತಹ ವಾದ್ಯಗಳಲ್ಲಿ ತಂತಿಯ ಗುಂಡಿ ಬ್ರಿಜ್‌ನಿಂದಾಚೆ ದೂರದಲ್ಲಿ ಸಿಕ್ಕಿಕೊಳ್ಳುವುದರಿಂದ, ‘ಶಾರ್ಟ್’ ಎಂಬ ಅಚ್ಚನ್ನಷ್ಟೇ ನಂಬಿ ಕೊಂಡರೆ ತಂತಿ ಸಾಲದೆ ಹೋಗಬಹುದು. ಗುಂಡಿ ಸಿಕ್ಕಿಕೊಳ್ಳುವ ಜಾಗದಿಂದ ನಟ್‌ವರೆಗಿನ ದೂರವನ್ನು ಟೇಪಿನಲ್ಲಿ ಅಳೆದುಕೊಂಡೇ ಅಂಗಡಿಗೆ ಹೋಗಬೇಕು.

ಹೆವಿ ಮೆಟಲ್ ನುಡಿಸುವ ಹುಡುಗರು ನಾಲ್ಕು ತಂತಿಯ ವಾದ್ಯದಲ್ಲೇ ಇ ತಂತಿಯನ್ನು ಬಿ ಸ್ವರಕ್ಕೆ ಇಳಿಸಲು ಯತ್ನಿಸುವುದುಂಟು. ಆಗ ಎಳೆತ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯುತ್ತದೆ. ಅದರ ಬದಲು ಐದು ತಂತಿಗಳ ಜೋಡಣೆ ಕೊಂಡು, ಜಿ ತಂತಿಯನ್ನು ಬದಿಗಿಟ್ಟು, ಉಳಿದ ನಾಲ್ಕನ್ನು ಬಿಗಿಯುವುದು ಸರಿಯಾದ ಮಾರ್ಗ. ನಟ್‌ನ ಸೀಳುಗಳನ್ನು ಅಗಲಿಸಬೇಕಾಗುತ್ತದೆ. ಸೆಕೆಂಡಿಗೆ 31 ಕಂಪನದ ಬಿ ತಂತಿಯನ್ನು ವಾದ್ಯಕ್ಕೆ ಸೇರಿಸುವ ಹಾದಿಯನ್ನು ತೆರೆದವರಲ್ಲಿ ನ್ಯೂಯಾರ್ಕಿನ ಆಂಟನಿ ಜಾಕ್ಸನ್ ಪ್ರಮುಖರು. ಅವರ ಬಯಕೆಯಂತೆ ಕಾರ್ಲ್ ಥಾಂಪ್ಸನ್ 1975ರಲ್ಲಿ ಆರು ತಂತಿಯ ವಾದ್ಯವೊಂದನ್ನು ಕಟ್ಟಿಕೊಟ್ಟರು. ಬಿ ತಂತಿ ಗಟ್ಟಿಯಾಗಿ ನಿಲ್ಲಲೆಂದು ಹಲವು ತಯಾರಕರು ಉದ್ದವನ್ನು 35 ಅಂಗುಲಕ್ಕೆ ಏರಿಸಿದ್ದಾರೆ. ಇದರಿಂದ ಎಳೆತ ಹೆಚ್ಚುವುದು ಸುಮಾರು 6 ಶೇಕಡ ಮಾತ್ರ. ಕೇವಲ ಅದಕ್ಕಾಗಿ ಹೆಚ್ಚು ಹಣ ತೆರುವ ಮೊದಲು 0.130 ಅಂಗುಲದ ಒಳ್ಳೆಯ ಬಿ ತಂತಿಯೊಂದನ್ನು ಹಾಕಿ ನೋಡುವುದು ವಿವೇಕ.

ತಂತಿಯ ಹಿಂದೆ ನೆಕ್

ದಪ್ಪ ಬದಲಾದರೆ ಎಳೆತ ಬದಲಾಗುತ್ತದೆ, ಎಳೆತ ಬದಲಾದರೆ ನೆಕ್ ಬಾಗುತ್ತದೆ. ಹೊಸ ತಂತಿ ಹಾಕಿದ ಮರುವಾರವೇ ‘ವಾದ್ಯ ಕೆಟ್ಟಿದೆ’ ಎಂದು ಬರುವ ದೂರುಗಳ ಮೂಲ ಬಹುಮಟ್ಟಿಗೆ ಇಲ್ಲಿದೆ. ಬಾಗನ್ನು ಸರಿದೂಗಿಸಲೆಂದೇ ನೆಕ್ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುತ್ತದೆ. ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿಹಿಡಿದು, ಏಳು–ಎಂಟನೆಯ ಫ್ರೆಟ್ ಬಳಿ ನೋಡಬೇಕು. ತಂತಿಗೂ ಫ್ರೆಟ್‌ಗೂ ನಡುವೆ ಸುಮಾರು 0.3 ಮಿಲಿಮೀಟರ್ ಸಂದು ಇದ್ದರೆ ಸಾಕು. ಹೆಚ್ಚಿದ್ದರೆ ಸರಳನ್ನು ಬಿಗಿಗೊಳಿಸಬೇಕು, ಇಲ್ಲವೇ ಇಲ್ಲವೆಂದರೆ ಸಡಿಲಿಸಬೇಕು. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ತಿರುಗಲು ಒಪ್ಪದಿದ್ದರೆ ಬಲ ಪ್ರಯೋಗಿಸದೆ ತಿಳಿದವರ ಬಳಿ ಒಯ್ಯುವುದು ಕ್ಷೇಮ, ಏಕೆಂದರೆ ಒಳಗಿನ ಸರಳು ಮುರಿದರೆ ದುರಸ್ತಿಯ ಖರ್ಚು ವಾದ್ಯದ ಬೆಲೆಯನ್ನೇ ಮೀರಬಹುದು.

ಆನಂತರ ಬ್ರಿಜ್ ಮೇಲಿನ ಕುದುರೆಗಳ ಎತ್ತರ. ಕೊನೆಗೆ ಸ್ವರಶುದ್ಧಿ: ಹನ್ನೆರಡನೆಯ ಫ್ರೆಟ್‌ನಲ್ಲಿ ಒತ್ತಿ ನುಡಿಸಿದ ಸ್ವರ, ಅದೇ ಜಾಗದಲ್ಲಿ ತಂತಿಯನ್ನು ಮೆಲ್ಲಗೆ ಮುಟ್ಟಿ ಹೊರಡಿಸಿದ ಸ್ವರಕ್ಕಿಂತ ಏರಿದ್ದರೆ ಕುದುರೆಯನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಬೇಕು. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.

ಬೆರಳುಗಳು ಒತ್ತುವ ಹಲಗೆಯ ವಿಚಾರದಲ್ಲಿ ಕರ್ನಾಟಕಕ್ಕೂ ಒಂದು ನಂಟಿದೆ. ಪಶ್ಚಿಮ ಘಟ್ಟದ ಬೀಟೆ, ಅಂದರೆ ಮೈಸೂರಿನ ಮರದ ಕುಸುರಿ ಕೆಲಸಕ್ಕೆ ಆಧಾರವಾದ ಮರವೇ, ಗಿಟಾರ್ ಹಲಗೆಗೂ ಜಗತ್ತಿನಾದ್ಯಂತ ಬೇಡಿಕೆಯಲ್ಲಿದೆ. ಅಳಿವಿನಂಚಿನ ಜೀವಪ್ರಭೇದಗಳ ವ್ಯಾಪಾರ ಕುರಿತ ಸೈಟಿಸ್ ಒಪ್ಪಂದವು 2017ರ ಜನವರಿಯಿಂದ ಬೀಟೆಯ ಇಡೀ ಕುಲವನ್ನು ನಿಯಂತ್ರಣಕ್ಕೆ ತಂದಾಗ ಗಿಟಾರ್ ಉದ್ಯಮ ತತ್ತರಿಸಿತು. ಫೆಂಡರ್ ಆ ವರ್ಷ ತನ್ನ ಮೆಕ್ಸಿಕೋ ನಿರ್ಮಿತ ವಾದ್ಯಗಳಲ್ಲಿ ಬೀಟೆಯ ಬದಲು ದಕ್ಷಿಣ ಅಮೆರಿಕದ ‘ಪಾವ್ ಫೆರೋ’ ಮರ ಬಳಸತೊಡಗಿತು. 2019ರ ನವೆಂಬರ್‌ನಲ್ಲಿ ಸಿದ್ಧ ಸಂಗೀತ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಹಲಗೆಯ ಮರ ನಾದವನ್ನು ಎಷ್ಟು ಬದಲಿಸುತ್ತದೆ ಎಂಬ ವಾದ ವಾದಕರ ನಡುವೆ ಮುಗಿದಿಲ್ಲ. ಹೊಸ ತಂತಿಯೊಂದು ಮಾಡುವ ವ್ಯತ್ಯಾಸದ ಬಗ್ಗೆ ಮಾತ್ರ ಯಾರಿಗೂ ತಕರಾರಿಲ್ಲ.

ಆರೈಕೆ

ರೌಂಡ್‌ವೌಂಡ್ ತಂತಿ ಮಂಕಾಗುವುದಕ್ಕೆ ಮುಖ್ಯ ಕಾರಣ ಸುತ್ತುಗಳ ಸಂದಿನಲ್ಲಿ ಸೇರುವ ಬೆವರು ಮತ್ತು ಕೊಳೆ. ಕರಾವಳಿಯಂತಹ ತೇವದ ಹವೆಯಲ್ಲಿ ತುಕ್ಕೂ ಬೇಗ ಹಿಡಿಯುತ್ತದೆ. ನುಡಿಸಿದ ಬಳಿಕ ಒಣ ಹತ್ತಿಬಟ್ಟೆಯಿಂದ ಒರೆಸಿದರೆ ಆಯುಸ್ಸು ಗಮನಾರ್ಹವಾಗಿ ಹೆಚ್ಚುತ್ತದೆ. ಹಳೆಯ ತಂತಿಗಳನ್ನು ನೀರಿನಲ್ಲಿ ಕುದಿಸುವ ಪದ್ಧತಿಯೂ ಇದೆ. ಹೊಳಪು ಮರಳುತ್ತದೆ, ಆದರೆ ಕೆಲವೇ ದಿನ. ಫ್ಲ್ಯಾಟ್‌ವೌಂಡ್ ತಂತಿಗೆ ಇದಾವುದರ ಅಗತ್ಯವಿಲ್ಲ. ಬೆಲೆ ಹೆಚ್ಚಾದರೂ ವರ್ಷಗಟ್ಟಲೆ ಬಾಳುವುದರಿಂದ ಒಟ್ಟು ಲೆಕ್ಕದಲ್ಲಿ ಅದೇ ಅಗ್ಗ.

ಹೊಸ ತಂತಿ ಹಾಕುವಾಗ ಹೆಚ್ಚುವರಿ ತುದಿಯನ್ನು ಕತ್ತರಿಸುವ ಮೊದಲು, ಕತ್ತರಿಸುವ ಜಾಗದ ಹಿಂದೆ ತಂತಿಯನ್ನು ಲಂಬವಾಗಿ ಮಡಚಬೇಕು. ನೇರವಾಗಿ ಕತ್ತರಿಸಿದರೆ ಹೊರಸುತ್ತು ತಿರುಳಿನಿಂದ ಸಡಿಲಗೊಂಡು, ಹೊಸ ತಂತಿಯೇ ಸತ್ತಂತೆ ನುಡಿಯುತ್ತದೆ. ಬಿರಡೆಗೆ ಎರಡು–ಮೂರು ಸುತ್ತು ಸಾಕು, ಸುತ್ತುಗಳು ಕೆಳಮುಖವಾಗಿ ಇಳಿಯಬೇಕು. ತುದಿಯಲ್ಲಿರುವ ಬಣ್ಣದ ದಾರದ ಸುತ್ತು ನಟ್ ಮೇಲೆ ಬಾರದಂತೆ ನೋಡಿಕೊಳ್ಳಬೇಕು.