ಕುಳಿ

ಹಳಗನ್ನಡದಲ್ಲಿ ಇದು ‘ಕುೞಿ’. ತಮಿಳು, ಮಲಯಾಳಂಗಳು ಆ ೞಕಾರವನ್ನು ಇಂದಿಗೂ ಉಳಿಸಿಕೊಂಡಿವೆ. ನಾವು ಅದನ್ನು ಕೈಬಿಟ್ಟು ಕುಳಿ, ಗುಳಿ, ಕುಣಿ, ಗುಣಿ ಎಂದು ಬಾಯಿಗೆ ಬಂದಂತೆ ಹಂಚಿಕೊಂಡೆವು. ಸೂಳೆಕೆರೆ ಬಳಿಯ ಕೆರೆಬಿಳಚಿ ಸೀಮೆಯಲ್ಲಿ ಅಡಿಕೆ ಸಸಿಗೆ ತೆಗೆಯುವುದು ಗುಣಿ. ಪಕ್ಕದ ಹಾವೇರಿಯ ಹೊಲದಲ್ಲಿ ಗುಳಿ ರಾಗಿ. ನಕ್ಕವರ ಕೆನ್ನೆಯಲ್ಲೂ ಗುಳಿಯೇ.

ಚಂದ್ರನ ಮೈಮೇಲಿನ ತಗ್ಗುಗಳಿಗೆ ವಿಜ್ಞಾನ ಬರಹಗಾರರು ‘ಕುಳಿ’ಯನ್ನೇ ಆರಿಸಿದ್ದು ಒಳ್ಳೆಯದಾಯಿತು, ‘ಹೊಂಡ’ ಎಂದಿದ್ದರೆ ನೀರು ನೆನಪಾಗುತ್ತಿತ್ತು. ಆದರೆ ಗುಣಿಯನ್ನು ಗುದ್ದಲಿ ತೋಡುತ್ತದೆ, ಚಂದ್ರನ ಕುಳಿ ಸಿಡಿದು ಆದದ್ದು. ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಬಂದ ಬಾಹ್ಯಾಕಾಶದ ಕಲ್ಲು ಬಡಿದಲ್ಲೇ ಸ್ಫೋಟಿಸುತ್ತದೆ. ಹಾಗಾಗಿ ಅದು ಓರೆಯಾಗಿ ಬಿದ್ದರೂ ಕುಳಿ ಸಾಮಾನ್ಯವಾಗಿ ದುಂಡಗೇ ಇರುತ್ತದೆ. ಎದ್ದ ಕಲ್ಲುಮಣ್ಣು ಸುತ್ತ ಬದುವಾಗಿ ಕೂರುತ್ತದೆ. ಗಾಳಿ ಮಳೆ ಇಲ್ಲದ ಕಡೆ ಅದನ್ನು ಅಳಿಸುವವರಾರು? ಟೈಕೋ ಕುಳಿಯ ಅಗಲ ಸುಮಾರು 85 ಕಿ.ಮೀ. ಚಿಕ್ಕವೂ ಕಾಟ ಕೊಡುತ್ತವೆ: 2023ರ ಆಗಸ್ಟ್ 27ರಂದು ಚಂದ್ರಯಾನ-3ರ ಪ್ರಜ್ಞಾನ್ ರೋವರ್‌ಗೆ 3 ಮೀಟರ್ ಮುಂದೆ 4 ಮೀಟರ್ ಅಗಲದ ಕುಳಿ ಎದುರಾಯಿತು. ಬಂದ ದಾರಿಯಲ್ಲೇ ಹಿಂತಿರುಗುವಂತೆ ಇಸ್ರೊ ಅದಕ್ಕೆ ಆದೇಶ ಕಳಿಸಿತು.