ಅಳತೆಯ ಚೌಕಳಿಯಿಂದ ನವರಸದವರೆಗೆ: ಪುಷ್ಪಮಾಲಾ ಎನ್. ಮತ್ತು ಭಾವಚಿತ್ರದ ಚರಿತ್ರೆ

ಭಾರತದ ಭಾವಚಿತ್ರ ಛಾಯಾಗ್ರಹಣಕ್ಕೆ ಎರಡು ಮೂಲಗಳಿವೆ: ಒಂದು ಸರ್ಕಾರದ್ದು, ಇನ್ನೊಂದು ಪೇಟೆಯದ್ದು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಸಮಕಾಲೀನ ಕಲಾವಿದೆ ಪುಷ್ಪಮಾಲಾ ಎನ್. ಅವರ ಕೃತಿಗಳ ಹರವು ತಿಳಿಯುವುದಿಲ್ಲ ಎಂಬುದು ಈ ಲೇಖನದ ವಾದ.

ಸರ್ಕಾರದ ಕಡೆಯ ದೊಡ್ಡ ದಾಖಲೆ 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ ‘ದಿ ಪೀಪಲ್ ಆಫ್ ಇಂಡಿಯಾ’. ಜಾನ್ ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ ಅದರ ಸಂಪಾದಕರು. 1857ರ ದಂಗೆಯಿಂದ ಬೆಚ್ಚಿದ್ದ ಆಡಳಿತಕ್ಕೆ ತನ್ನ ಪ್ರಜೆಗಳು ಯಾರೆಂದು ತಿಳಿಯುವ ತವಕ ಹೆಚ್ಚಿತ್ತು. ನಾನೂರಕ್ಕೂ ಮಿಕ್ಕಿದ ಆ ಚಿತ್ರಗಳಲ್ಲಿ ಹೆಚ್ಚಿನವರಿಗೆ ಸ್ವಂತ ಹೆಸರಿಲ್ಲ. ಜಾತಿ, ಬುಡಕಟ್ಟು, ಅವರ ಸ್ವಭಾವದ ಬಗ್ಗೆ ಅಧಿಕಾರಿ ಕೊಟ್ಟ ತೀರ್ಪು ಮಾತ್ರ ಇದೆ. 1869ರಲ್ಲಿ ಜಾನ್ ಲ್ಯಾಂಪ್ರಿ ರೇಷ್ಮೆ ದಾರದಿಂದ ಎರಡೆರಡು ಇಂಚಿನ ಚೌಕಳಿ ಕಟ್ಟಿ, ಅದರ ಮುಂದೆ ಬೆತ್ತಲೆ ಮನುಷ್ಯರನ್ನು ನಿಲ್ಲಿಸಿ ಅಳೆಯುವ ಕ್ರಮವನ್ನು ಮುಂದಿಟ್ಟ. ಮುಂದೆ ಅಂಡಮಾನಿನಲ್ಲಿ ಅಧಿಕಾರಿಯಾಗಿದ್ದ ಮಾರಿಸ್ ವೈಡಲ್ ಪೋರ್ಟ್‌ಮನ್ ದ್ವೀಪವಾಸಿಗಳನ್ನು ಇಂಥದೇ ಚೌಕಳಿ ಹಿನ್ನೆಲೆಯಲ್ಲಿ ಚಿತ್ರಿಸಿದ. ಆ ಚೌಕಳಿಗಳ ಮುಂದೆ ನಿಂತವರ ಇಷ್ಟವನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ.

ಪೇಟೆಯ ಸ್ಟುಡಿಯೊದಲ್ಲಿ ದುಡ್ಡು ಕೊಟ್ಟವರ ಮಾತು ನಡೆಯುತ್ತಿತ್ತು. ಛಾಯಾಗ್ರಾಹಕ ಲಾಲಾ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಘೋಷಾ ಹೆಂಗಸರಿಗೆಂದೇ ಜನಾನಾ ಸ್ಟುಡಿಯೊ ತೆರೆದರು. ಬಣ್ಣದ ಪರದೆ, ಹೂದಾನಿ, ಕೆತ್ತನೆಯ ಕುರ್ಚಿಗಳ ನಡುವೆ ಜನ ತಾವು ಆಗಬಯಸಿದ ರೂಪದಲ್ಲಿ ಕೂತರು. ಇದೇ ಕಾಲದಲ್ಲಿ ಚಿತ್ರಕಾರ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ತೆರೆದ ಮುದ್ರಣಾಲಯದಿಂದ ಹೊರಟ ದೇವಿಯರ ಪಟಗಳು ಮನೆಮನೆಯ ಗೋಡೆ ಸೇರಿದವು.

1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಬರೋಡಾದಲ್ಲಿ ಶಿಲ್ಪಕಲೆ ಕಲಿತ ಪುಷ್ಪಮಾಲಾ 1990ರ ದಶಕದ ನಡುವಿನಲ್ಲಿ ಛಾಯಾಚಿತ್ರದತ್ತ ಹೊರಳಿದರು. ತಾವೇ ವೇಷ ಹಾಕಿ ಕ್ಯಾಮೆರಾದ ಮುಂದೆ ನಿಲ್ಲುವುದು ಅವರ ವಿಧಾನ. ಬೆಂಗಳೂರಿನ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000–2004ರಲ್ಲಿ ರೂಪಿಸಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ಅವರು ರವಿವರ್ಮನ ಬೆಳದಿಂಗಳ ಹೆಣ್ಣಾಗುತ್ತಾರೆ, ಲಕ್ಷ್ಮಿಯಾಗುತ್ತಾರೆ, ಬಿಜಾಪುರದ ವರ್ಣಚಿತ್ರದ ಯೋಗಿನಿಯಾಗುತ್ತಾರೆ, ಪತ್ರಿಕೆಯ ಅಪರಾಧ ಸುದ್ದಿಯಲ್ಲಿ ಬಂದ ಹೆಂಗಸಾಗುತ್ತಾರೆ. ಅಳತೆಯ ಚೌಕಳಿಯ ಮುಂದೆ ತೋಡ ಬುಡಕಟ್ಟಿನ ಹೆಣ್ಣಾಗಿಯೂ ನಿಲ್ಲುತ್ತಾರೆ. ಪಟದ ಲಕ್ಷ್ಮಿಯೂ ಅಳತೆಗೆ ನಿಂತ ಹೆಣ್ಣೂ ಒಂದೇ ಮುಖ ಹೊತ್ತಾಗ, ಪೂಜೆಗೂ ಪರಿಶೀಲನೆಗೂ ಹೆಣ್ಣಿನ ದೇಹವನ್ನು ಅಚ್ಚಿಗೆ ಹಾಕುವ ಕೆಲಸ ಎರಡೂ ಕಡೆ ನಡೆದಿತ್ತೆಂಬುದು ಕಣ್ಣಿಗೆ ಕಟ್ಟುತ್ತದೆ. ಇದನ್ನು ಬರಿಯ ಛದ್ಮವೇಷವೆಂದು ತಳ್ಳಿಹಾಕುವುದನ್ನು ನಾನು ಒಪ್ಪಲಾರೆ. ಸೀರೆಯ ನೆರಿಗೆ, ಪರದೆಯ ಬಣ್ಣ, ಬೆಳಕು ಬೀಳುವ ಕೋನ ಎಲ್ಲವನ್ನೂ ಮೂಲಚಿತ್ರದಿಂದ ಹೆಕ್ಕಿ ಮರುಕಟ್ಟುವುದು ಚರಿತ್ರಕಾರರ ಶ್ರಮವೇ. ತೆರೆಮರೆಯ ತಯಾರಿಯ ಚಿತ್ರಗಳನ್ನೂ ಅವರು ಸರಣಿಯಲ್ಲಿ ಸೇರಿಸಿದ್ದಾರೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ನಗರದ ಕಲಾವಿದೆ ತೋಡ ಹೆಣ್ಣಿನ ಜಾಗದಲ್ಲಿ ನಿಂತಾಗ ಅಳೆಯುವವನ ಅಹಂಕಾರ ಬಯಲಾಗುತ್ತದೆ, ನಿಜ. ಅಳೆಸಿಕೊಂಡವಳ ಹೆಸರು ಮಾತ್ರ ಮರಳಿ ಬರುವುದಿಲ್ಲ. ಈ ಮಿತಿಯನ್ನು ಒಪ್ಪಿಕೊಂಡೇ ಸರಣಿಯನ್ನು ಮೆಚ್ಚಬೇಕು.

ನನಗೆ ಇನ್ನೂ ಹತ್ತಿರವಾದದ್ದು ‘ನವರಸ’ ಸರಣಿ. ಹಿಂದಿ ಚಿತ್ರತಾರೆಯರ ಭಾವಚಿತ್ರಗಳಿಗೆ ಹೆಸರಾದ, ಮುಂಬೈಯ ದಾದರಿನ ಇಂಡಿಯಾ ಫೋಟೊ ಸ್ಟುಡಿಯೊದ ಜೆ.ಎಚ್. ಠಕ್ಕರ್ ಅವರಿಂದಲೇ ಪುಷ್ಪಮಾಲಾ 2000–2003ರಲ್ಲಿ ಈ ಕಪ್ಪು-ಬಿಳುಪು ಚಿತ್ರಗಳನ್ನು ತೆಗೆಸಿಕೊಂಡರು. ಹಳೆಯ ಶೈಲಿಯನ್ನು ದೂರದಿಂದ ಅನುಕರಿಸದೆ, ಅದನ್ನು ಬಲ್ಲ ವೃದ್ಧ ಕುಶಲಕರ್ಮಿಯ ಬಳಿಗೇ ಹೋದರು. ಗಲ್ಲದ ಮೇಲಿನ ಬೆಳಕು, ಕಣ್ಣಂಚಿನ ಹೊಳಪು ಠಕ್ಕರ್ ಅವರ ಕೈಚಳಕ. ಭಾವ ಪುಷ್ಪಮಾಲಾ ಅವರದು. ಇಲ್ಲಿ ಎದುರು ಕೂತವರಿಗೂ ಕ್ಯಾಮೆರಾ ಹಿಡಿದವರಿಗೂ ಸಮನಾದ ಹಕ್ಕಿದೆ. ಭಾವಚಿತ್ರವನ್ನು ತೂಗುವಾಗ ಹೋಲಿಕೆಗಿಂತ ಮೊದಲು ಈ ಹಕ್ಕನ್ನೇ ನೋಡಬೇಕು.

ಇಂಥ ಅಧ್ಯಯನಕ್ಕೆ ಆಕರಗಳು ನಮ್ಮ ಊರುಗಳ ಹಳೆಯ ಸ್ಟುಡಿಯೊಗಳಲ್ಲೂ ಮನೆಯ ಆಲ್ಬಮ್‌ಗಳಲ್ಲೂ ಇವೆ. ನೆಗೆಟಿವ್‌ಗಳನ್ನು ಗುಜರಿಗೆ ಹಾಕಬೇಡಿ. ಚಿತ್ರದಲ್ಲಿರುವವರ, ತೆಗೆದವರ ಹೆಸರನ್ನು ಗೊತ್ತಿರುವ ಹಿರಿಯರಿಂದ ಕೇಳಿ ಇಂದೇ ಬರೆದಿಡಿ.